ಇದ್ದತ್‌ನ ಮೂರು ತಿಂಗಳಿಗೆ ಮುಗಿಯದ ಲೆಕ್ಕ: ತಲಾಖ್ ಆದ ಗೃಹಿಣಿಯ ಜೀವನಾಂಶ

ತಲಾಖ್ ಆದ ಮೇಲೆ ಮಹಲ್ಲ್ ಕಮಿಟಿಯ ಮುಂದೆ ಎರಡೂ ಮನೆಯವರು ಕೂತಾಗ ಸಾಮಾನ್ಯವಾಗಿ ಮೂರು ವಿಷಯ ಮಾತಿಗೆ ಬರುತ್ತವೆ. ಮಹರ್ ಸಂದಾಯ ಆಗಿದೆಯೇ? ಮದುವೆಗೆ ಹಾಕಿದ ಚಿನ್ನ ಎಲ್ಲಿದೆ? ಇದ್ದತ್‌ನ ಖರ್ಚಿಗೆ ಎಷ್ಟು? ಒಬ್ಬರು ಒಂದು ಮೊತ್ತ ಹೇಳುತ್ತಾರೆ, ಇನ್ನೊಬ್ಬರು ಸ್ವಲ್ಪ ಏರಿಸುತ್ತಾರೆ. ಕೊನೆಗೆ ಸ್ಟ್ಯಾಂಪ್ ಪೇಪರಿನಲ್ಲಿ 'ಇನ್ನು ಮುಂದೆ ಯಾವುದೇ ಹಕ್ಕು, ತಕರಾರು ಇಲ್ಲ' ಅಂತ ಬರೆದು ಸಹಿ ಹಾಕಿಸುತ್ತಾರೆ. ವಿಷಯ ಕೋರ್ಟಿಗೆ ಹೋಗದೆ ಮರ್ಯಾದೆಯಲ್ಲಿ ಮುಗಿಯಿತು ಎಂದು ಹಿರಿಯರಿಗೆ ಸಮಾಧಾನ.

ಮದುವೆಯಾಗಿ ಎರಡು ವರ್ಷ ಆದ, ಕೈಯಲ್ಲಿ ಕೆಲಸ ಇರುವ ಹುಡುಗಿಗೆ ಈ ಲೆಕ್ಕ ಹೇಗೋ ನಡೆದೀತು. ಆದರೆ ಹತ್ತೊಂಬತ್ತಕ್ಕೆ ನಿಕಾಹ್ ಆಗಿ, ಇಪ್ಪತ್ತೈದು ವರ್ಷ ಅಡುಗೆಮನೆ, ಮಕ್ಕಳು, ಅತ್ತೆ ಮಾವನ ಆರೈಕೆ ಅಂತ ಕಳೆದವಳಿಗೆ? ಅವಳ ಹೆಸರಲ್ಲಿ ಪಿಎಫ್ ಇಲ್ಲ, ಅಂಗಡಿ ಇಲ್ಲ, ಮನೆಯ ಆಧಾರಪತ್ರವೂ ಇಲ್ಲ. ನಲವತ್ತೈದರ ವಯಸ್ಸಲ್ಲಿ ಯಾರು ಕೆಲಸ ಕೊಡುತ್ತಾರೆ? ಇಂಥವಳಿಗೆ 'ಇದ್ದತ್‌ನ ಖರ್ಚು ಕೊಟ್ಟಾಯ್ತು' ಅನ್ನುವ ಮಾತು ಕಾನೂನಿನಲ್ಲೂ ಸರಿಯಲ್ಲ, ಶರೀಅತ್‌ನ ಉದ್ದೇಶಕ್ಕೂ ಹೊಂದುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಇದು ಇನ್ನೂ ಸರಿಯಾಗಿ ಗೊತ್ತಿಲ್ಲದ ಕಾರಣ, ಸಹಿ ಬಿದ್ದ ಮೇಲೆ ಕಣ್ಣು ತೆರೆಯುತ್ತದೆ.

ಶಾಬಾನು ಕೂಡ ಗೃಹಿಣಿಯೇ

ಶಾಬಾನು ಪ್ರಕರಣ ಅಂದ ಕೂಡಲೇ ಜನರಿಗೆ ನೆನಪಾಗುವುದು ರಾಜಕೀಯ. ಆ ಹೆಂಗಸಿನ ಬದುಕು ಏನಾಗಿತ್ತು ಅಂತ ಕೇಳುವವರು ಕಡಿಮೆ. ಇಂದೋರ್‌ನ ವಕೀಲರೊಬ್ಬರ ಜೊತೆ 1932ರಲ್ಲಿ ಅವರ ಮದುವೆಯಾಯಿತು. ಐದು ಮಕ್ಕಳಾದರು. ನಲವತ್ತಮೂರು ವರ್ಷ ಸಂಸಾರ ನಡೆಸಿದ ಮೇಲೆ 1975ರಲ್ಲಿ ಗಂಡ ಮನೆಯಿಂದ ಹೊರಹಾಕಿದರು. ತಿಂಗಳಿಗೆ 500 ರೂಪಾಯಿ ಕೇಳಿ 1978ರ ಏಪ್ರಿಲ್‌ನಲ್ಲಿ ಶಾಬಾನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರ್‌ನಲ್ಲಿ ಗಂಡ ತಲಾಖ್ ಹೇಳಿದರು. ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಮಧ್ಯಪ್ರದೇಶ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದರ ವಿರುದ್ಧ ಗಂಡ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟ್ ಶಾಬಾನು ಪರ ತೀರ್ಪು ಕೊಟ್ಟಿತು.

ಅದರ ನಂತರ ನಡೆದ ಗಲಾಟೆಯ ಫಲವಾಗಿ 1986ರಲ್ಲಿ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಮೇಲಿನ ಹಕ್ಕುಗಳ ರಕ್ಷಣೆ) ಕಾಯಿದೆ ಬಂತು. 'ಇನ್ನು ಇದ್ದತ್‌ವರೆಗೆ ಮಾತ್ರ' ಎಂಬ ನಂಬಿಕೆ ಸಮುದಾಯದಲ್ಲಿ ಬೇರೂರಿದ್ದು ಇಲ್ಲಿಂದ. ಆದರೆ ಕಾಯಿದೆಯ 3ನೇ ಸೆಕ್ಷನ್ ಹೇಳಿದ್ದು ಬೇರೆಯೇ. ಇದ್ದತ್‌ನ ಅವಧಿಯ ಒಳಗೆ ಗಂಡ 'ನ್ಯಾಯವಾದ ಮತ್ತು ಸೂಕ್ತವಾದ ಏರ್ಪಾಡು ಹಾಗೂ ಜೀವನಾಂಶ' ಕೊಡಬೇಕು ಎಂದು ಅದು ಹೇಳುತ್ತದೆ. ಇಲ್ಲಿ ಎರಡು ಬಾಬ್ತು ಇವೆ. ಜೀವನಾಂಶ ಇದ್ದತ್‌ನ ದಿನಗಳಿಗೆ. ಏರ್ಪಾಡು ಮುಂದಿನ ಬದುಕಿಗೆ. ಇದ್ದತ್ ಎಂಬುದು ಕೊಟ್ಟು ಮುಗಿಸಬೇಕಾದ ಗಡುವು, ಮೊತ್ತಕ್ಕೆ ಹಾಕಿದ ಮಿತಿಯಲ್ಲ.

ಕೇರಳ ಹೈಕೋರ್ಟ್ 1988ರಲ್ಲೇ ಅಲಿ ವಿರುದ್ಧ ಸುಫೈದಾ ಪ್ರಕರಣದಲ್ಲಿ ಇದನ್ನು ಹೀಗೇ ಓದಿತ್ತು. ಮುಂದೆ 2001ರ ಸೆಪ್ಟೆಂಬರ್ 28ರಂದು ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ದೇಶಕ್ಕೆಲ್ಲ ಅನ್ವಯಿಸುವಂತೆ ಹೇಳಿತು. ಆ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು. ಅಂದರೆ ಸಮುದಾಯದಲ್ಲಿ ಇಂದಿಗೂ ಕೇಳಿಬರುವ 'ಮೂರು ತಿಂಗಳ ಕಾನೂನು' ಎರಡು ದಶಕಕ್ಕೂ ಮೊದಲೇ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿದೆ.

2024ರ ತೀರ್ಪು ಏನು ಹೇಳಿತು

2024ರ ಜುಲೈ 10ರಂದು ಮುಹಮ್ಮದ್ ಅಬ್ದುಲ್ ಸಮದ್ ವಿರುದ್ಧ ತೆಲಂಗಾಣ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಗೊಂದಲವನ್ನೂ ತೆಗೆಯಿತು. ಹೆಂಡತಿಗೆ ಫ್ಯಾಮಿಲಿ ಕೋರ್ಟ್ ತಿಂಗಳಿಗೆ 20,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಿಸಿತ್ತು, ಹೈಕೋರ್ಟ್ ಅದನ್ನು 10,000ಕ್ಕೆ ಇಳಿಸಿತ್ತು. ಮುಸ್ಲಿಂ ವಿಚ್ಛೇದಿತೆಗೆ 1986ರ ಕಾಯಿದೆ ಇರುವಾಗ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 125ನೇ ಸೆಕ್ಷನ್ ಅನ್ವಯಿಸುವುದಿಲ್ಲ ಎಂಬುದು ಗಂಡನ ವಾದ. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅದನ್ನು ಒಪ್ಪಲಿಲ್ಲ. ಎರಡೂ ದಾರಿಗಳು ಅವಳಿಗೆ ತೆರೆದಿವೆ, ಒಂದು ಇದೆ ಎಂದು ಇನ್ನೊಂದು ಮುಚ್ಚುವುದಿಲ್ಲ ಎಂದರು.

ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಗೃಹಿಣಿಯರ ಬಗ್ಗೆಯೇ ಬರೆದಿದ್ದಾರೆ. ಸ್ವಂತ ಆದಾಯ ಇಲ್ಲದ ಹೆಂಡತಿ ಹಣಕ್ಕೆ ಪೂರ್ತಿ ಗಂಡನ ಮೇಲೆ ನಿಂತಿರುತ್ತಾಳೆ ಎಂಬ ಅರಿವು ಗಂಡಸರಿಗೆ ಇರಬೇಕು, ಜಂಟಿ ಬ್ಯಾಂಕ್ ಖಾತೆ ತೆರೆಯುವುದು, ಎಟಿಎಂ ಕಾರ್ಡ್ ಅವಳ ಕೈಗೂ ಕೊಡುವುದು ಮುಂತಾದ ಕ್ರಮ ಬೇಕು ಎಂಬುದು ಅದರ ಸಾರಾಂಶ.

2024ರ ಜುಲೈ 1ರಿಂದ 125ನೇ ಸೆಕ್ಷನ್‌ನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ. ಸಂಖ್ಯೆ ಬದಲಾಗಿದೆ, ಹಕ್ಕು ಬದಲಾಗಿಲ್ಲ.

ಶರೀಅತ್‌ನಲ್ಲಿ ಮತಾಅ್

'ಕೋರ್ಟು ಏನು ಬೇಕಾದರೂ ಹೇಳಲಿ, ದೀನ್‌ನಲ್ಲಿ ಇಲ್ಲವಲ್ಲ' ಎಂಬ ಮಾತೂ ಬರುತ್ತದೆ. ಸೂರಃ ಅಲ್ ಬಖರಾದ 241ನೇ ವಚನ ತಲಾಖ್ ಆದ ಹೆಂಗಸರಿಗೆ ನ್ಯಾಯವಾದ ರೀತಿಯಲ್ಲಿ ಮತಾಅ್ ಕೊಡಬೇಕೆಂದು, ಇದು ದೇವಭಯ ಇರುವವರ ಮೇಲಿನ ಬಾಧ್ಯತೆಯೆಂದು ತಿಳಿಸುತ್ತದೆ. ಅದೇ ಸೂರಃದ 236ನೇ ವಚನ ಉಳ್ಳವನು ಅವನ ಶಕ್ತಿಯಂತೆ, ಇಲ್ಲದವನು ಅವನ ಶಕ್ತಿಯಂತೆ ಎಂಬ ಅಳತೆ ಹಾಕುತ್ತದೆ. ಕರಾವಳಿಯ ಬ್ಯಾರಿಗಳೂ ಮಾಪಿಳ್ಳೆಯರೂ ಹೆಚ್ಚಾಗಿ ಅನುಸರಿಸುವುದು ಶಾಫಿಈ ಮದ್‌ಹಬ್. ಗಂಡ ತಲಾಖ್ ಕೊಟ್ಟಾಗ, ಸಂಸಾರ ನಡೆಸಿದ ಹೆಂಡತಿಗೆ ಮಹರ್ ಅಲ್ಲದೆ ಮತಾಅ್ ಕೂಡ ಕೊಡುವುದು ಈ ಮದ್‌ಹಬ್‌ನಲ್ಲಿ ವಾಜಿಬ್. ಕಮಿಟಿಯ ಮಾತುಕತೆಯಲ್ಲಿ ಮಹರ್ ಬರುತ್ತದೆ, ಇದ್ದತ್ ಬರುತ್ತದೆ. ಮತಾಅ್ ಎಷ್ಟು ಸಲ ಬರುತ್ತದೆ? ಡೇನಿಯಲ್ ಲತೀಫಿ ತೀರ್ಪು ಕೂಡ ಈ ವಚನವನ್ನು ಮುಂದಿಟ್ಟೇ ಮಾತಾಡಿದೆ.

ಎರಡು ದಾರಿಗಳ ವ್ಯತ್ಯಾಸ

1986ರ ಕಾಯಿದೆಯ ದಾರಿಯಲ್ಲಿ ಹೆಂಗಸು ತಾನು ವಾಸವಿರುವ ಪ್ರದೇಶದ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಇಲ್ಲಿ ಸಾಮಾನ್ಯವಾಗಿ ಒಟ್ಟು ಮೊತ್ತ ನಿಗದಿಯಾಗುತ್ತದೆ. ಅವಳ ಅಗತ್ಯ, ಸಂಸಾರ ನಡೆಯುತ್ತಿದ್ದಾಗಿನ ಜೀವನಮಟ್ಟ, ಗಂಡನ ಆರ್ಥಿಕ ಶಕ್ತಿ ಈ ಮೂರನ್ನು ಮ್ಯಾಜಿಸ್ಟ್ರೇಟ್ ನೋಡಬೇಕು. ಕೊಡದೆ ಬಾಕಿಯಿರುವ ಮಹರ್, ಮದುವೆಯ ಮೊದಲು, ಮದುವೆಯಲ್ಲಿ ಅಥವಾ ನಂತರ ಅವಳಿಗೆ ಬಂದ ಚಿನ್ನ ಮತ್ತು ವಸ್ತುಗಳನ್ನೂ ಇದೇ ಅರ್ಜಿಯಲ್ಲಿ ಕೇಳಬಹುದು. ಆದೇಶ ಪಾಲಿಸದಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

144ನೇ ಸೆಕ್ಷನ್‌ನ ದಾರಿಯಲ್ಲಿ ತಿಂಗಳು ತಿಂಗಳು ಜೀವನಾಂಶ. ಫ್ಯಾಮಿಲಿ ಕೋರ್ಟ್ ಇರುವಲ್ಲಿ ಅರ್ಜಿ ಅಲ್ಲಿಗೆ. ಕೇಸು ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೇಳಬಹುದು. ಗಂಡನಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟರ ಮಟ್ಟಿಗೆ, ಆ ಮಧ್ಯಂತರ ಅರ್ಜಿ ತೀರ್ಮಾನ ಆಗಬೇಕು. ಈ ಹಕ್ಕು ಅವಳು ಮರುಮದುವೆ ಆಗುವವರೆಗೆ. 1986ರ ಕಾಯಿದೆಯ ಒಟ್ಟು ಮೊತ್ತದ ಮಾತು ಬೇರೆ. ಮರುಮದುವೆ ಆದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2024ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಒಂದು ದಾರಿಯಲ್ಲಿ ಸಿಕ್ಕಿದ ಹಣವನ್ನು ಇನ್ನೊಂದರಲ್ಲಿ ಕೋರ್ಟ್ ಲೆಕ್ಕಕ್ಕೆ ಹಿಡಿಯುತ್ತದೆ, ಎರಡು ಸಲ ಸಿಗುವುದಿಲ್ಲ. ಹಾಗಾಗಿ ಮೊದಲೇ ಸಿಕ್ಕಿದ್ದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು.

ಹೆಂಡತಿ ಕೋರ್ಟ್ ಮೂಲಕ ಫಸ್ಖ್ ಪಡೆದಿದ್ದರೂ 'ವಿಚ್ಛೇದಿತೆ' ಎಂಬ ಪದದೊಳಗೆ ಬರುತ್ತಾಳೆ. ಖುಲಾ ವಿಷಯದಲ್ಲಿ ಎಚ್ಚರ ಬೇಕು. ಖುಲಾದಲ್ಲಿ ಹೆಂಡತಿ ಏನನ್ನಾದರೂ ಬಿಟ್ಟುಕೊಟ್ಟು ಹೊರಬರುವ ಕಾರಣ ಮುಂದಿನ ಜೀವನಾಂಶದ ವಾದಕ್ಕೆ ಬಲ ಕಡಿಮೆಯಾಗುತ್ತದೆ. ಗಂಡನಿಗೇ ಬೇರೆಯಾಗುವ ಇರಾದೆ ಇದ್ದು, ಹೆಂಡತಿಯ ಬಾಯಿಂದ ಖುಲಾ ಕೇಳಿಸುವ ಒತ್ತಡ ಬಂದರೆ ಕಾರಣ ಏನೆಂದು ಮನೆಯವರು ಯೋಚಿಸಬೇಕು. ಒಂದೇ ಉಸಿರಿಗೆ ಹೇಳಿದ ಮೂರು ತಲಾಖ್ 2019ರ ಕಾಯಿದೆಯಂತೆ ಅಸಿಂಧು. ಅಲ್ಲಿ ಅವಳು ಹೆಂಡತಿಯಾಗಿಯೇ ಜೀವನಾಂಶ ಕೇಳಬಹುದು.

ಎಷ್ಟು ಕೇಳಬೇಕು?

'ಸಂಬಳದ ನಾಲ್ಕನೇ ಒಂದು ಭಾಗ' ಅಂತ ಹಲವರು ಹೇಳುವುದುಂಟು. ಒಂದೆರಡು ತೀರ್ಪುಗಳಲ್ಲಿ ಆ ಅಳತೆ ಬಂದಿದೆ ಅಷ್ಟೇ, ಕಾಯಿದೆಯಲ್ಲಿ ಅಂಥ ಸೂತ್ರ ಇಲ್ಲ. ಖರ್ಚಿನ ಪಟ್ಟಿ ಮಾಡುವುದೇ ಸರಿಯಾದ ದಾರಿ. ಒಂದು ಉದಾಹರಣೆ ನೋಡೋಣ. ಸಣ್ಣ ಬಾಡಿಗೆ ಮನೆಗೆ 5,000, ರೇಷನ್, ಗ್ಯಾಸ್, ಕರೆಂಟಿಗೆ 5,000, ಮದ್ದು ಡಾಕ್ಟರಿಗೆ 2,000, ಬಸ್ಸು, ಫೋನು, ಬಟ್ಟೆಬರೆಗೆ 2,000. ಒಟ್ಟು ತಿಂಗಳಿಗೆ 14,000 ರೂಪಾಯಿ. ಇದರಲ್ಲಿ ಐಷಾರಾಮ ಏನೂ ಇಲ್ಲ.

ಇದ್ದತ್‌ನ ಮೂರು ತಿಂಗಳಿಗೆ ಅದು 42,000. ಒಂದು ವರ್ಷಕ್ಕೆ 1,68,000. ಹತ್ತು ವರ್ಷಕ್ಕೆ 16,80,000. ನಲವತ್ತೈದರಿಂದ ಅರುವತ್ತೈದರವರೆಗೆ 33,60,000. ಬೆಲೆಯೇರಿಕೆ ಇದರಲ್ಲಿ ಸೇರಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಖರ್ಚು ದುಪ್ಪಟ್ಟು. ಕೋರ್ಟ್ ಇಷ್ಟನ್ನೂ ಕೊಡಿಸುತ್ತದೆ ಎಂದಲ್ಲ, ಗಂಡನ ಶಕ್ತಿಯನ್ನೂ ನೋಡುತ್ತದೆ. ಆದರೆ ಒಂದು ಲಕ್ಷ ಕೊಟ್ಟು 'ಎಲ್ಲಾ ಮುಗಿಯಿತು' ಅನ್ನುವಾಗ ಅದು ಅವಳ ಏಳು ತಿಂಗಳ ಬದುಕು ಮಾತ್ರ ಎಂದು ಎದುರು ಕೂತವರಿಗೆ ಗೊತ್ತಿರಬೇಕು.

ಗಂಡನ ಆದಾಯ ತಿಳಿಯುವುದು ಹೇಗೆ? 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ವ್ಯವಸ್ಥೆ ಮಾಡಿದೆ. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಅಫಿಡವಿಟ್ ರೂಪದಲ್ಲಿ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಅರ್ಜಿ ತಡವಾದಷ್ಟು ನಷ್ಟ ಅವಳಿಗೇ.

ಎದುರಿನಿಂದ ಬರುವ ವಾದಗಳಿಗೂ ಉತ್ತರ ಇದೆ. 'ಅವಳಿಗೆ ಟೈಲರಿಂಗ್ ಬರುತ್ತೆ, ದುಡಿದು ತಿನ್ನಲಿ' ಎಂದರೆ, ದುಡಿಯುವ ಸಾಮರ್ಥ್ಯ ಇರುವುದೇ ಬೇರೆ, ನಿಜವಾಗಿ ದುಡಿಯುತ್ತಿರುವುದೇ ಬೇರೆ ಎಂದು ಶೈಲಜಾ ವಿರುದ್ಧ ಖೊಬ್ಬಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. 'ಅಣ್ಣಂದಿರು ಸಾಕುತ್ತಿದ್ದಾರಲ್ಲ, ಹಸಿವಿನಲ್ಲೇನೂ ಇಲ್ಲ' ಎಂದರೆ, ಜೀವನಾಂಶ ಪಡೆಯಲು ಹೆಂಗಸು ನಿರ್ಗತಿಕಳಾಗಿರಬೇಕಿಲ್ಲ ಎಂದು ಚತುರ್ಭುಜ್ ವಿರುದ್ಧ ಸೀತಾಬಾಯಿ ಪ್ರಕರಣದಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿದೆ.

ಮನೆಗೆಲಸಕ್ಕೂ ಬೆಲೆ ಇದೆ

'ಅವಳು ಮನೆಯಲ್ಲಿ ಸುಮ್ಮನೆ ಕೂತಿದ್ದಳು, ದುಡಿದದ್ದು ಅವನು' ಎಂಬ ಮಾತು ಎಲ್ಲ ವಾದಗಳ ಬುಡದಲ್ಲಿದೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಮಕ್ಕಳು, ಮುದುಕರ ಆರೈಕೆ ಇದರಲ್ಲಿ ಸೇರಿಲ್ಲ. ದಿನಕ್ಕೆ ಐದು ಗಂಟೆ ಎಂದು ಹಿಡಿದರೂ ಇಪ್ಪತ್ತೈದು ವರ್ಷಕ್ಕೆ 45 ಸಾವಿರ ಗಂಟೆ ದಾಟುತ್ತದೆ. ಗೃಹಿಣಿಯ ದುಡಿಮೆಗೆ ಹಣದ ಬೆಲೆ ಕಟ್ಟಬೇಕೆಂದು 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಉದಾಹರಿಸಿದ್ದು ಇದೇ ಸಮೀಕ್ಷೆಯನ್ನು.

ಗಲ್ಫ್ ಮನೆಗಳಿಗೆ ಹತ್ತಿರದ ಒಂದು ತೀರ್ಪು ಮದ್ರಾಸ್ ಹೈಕೋರ್ಟಿನದು. ತಮಿಳುನಾಡಿನ ಒಬ್ಬರು 1983ರಿಂದ 1994ರವರೆಗೆ ಸೌದಿಯಲ್ಲಿ ದುಡಿದು ಹೆಂಡತಿಗೆ ಹಣ ಕಳಿಸುತ್ತಿದ್ದರು. ಊರಿನಲ್ಲಿ ಆಸ್ತಿ ಆಯಿತು, ಆಮೇಲೆ ಅದು ಯಾರದು ಎಂದು ಜಗಳವಾಯಿತು. ಹೆಂಡತಿ ಮನೆ ನೋಡಿಕೊಂಡ ಕಾರಣಕ್ಕೇ ಗಂಡ ಹೊರಗೆ ನಿಶ್ಚಿಂತೆಯಿಂದ ದುಡಿಯಲು ಆಯಿತು, ಅವಳ ದುಡಿಮೆಯೂ ಆ ಆಸ್ತಿಯಲ್ಲಿದೆ ಎಂದು 2023ರ ಜೂನ್‌ನಲ್ಲಿ ಹೈಕೋರ್ಟ್ ಹೇಳಿ ಸಮಪಾಲು ಕೊಟ್ಟಿತು. ಅದು ಹಿಂದೂ ಕುಟುಂಬದ ಕೇಸು, ಬೇರೆ ರಾಜ್ಯದ ಹೈಕೋರ್ಟಿನದು. ಕೇರಳದ ಕೋರ್ಟು ಅದನ್ನು ಪಾಲಿಸಲೇಬೇಕೆಂದಿಲ್ಲ. ಆದರೆ ಹೆಂಡತಿಯ ಭರವಸೆಯಲ್ಲಿ ಮನೆ ಬಿಟ್ಟು ದುಬೈಗೋ ದಮ್ಮಾಮ್‌ಗೋ ಹೋದ ಯಾರಿಗೂ ಆ ಮಾತು ಸುಳ್ಳು ಅನ್ನಿಸಲಿಕ್ಕಿಲ್ಲ.

ಗಡಿಯ ಈಚೆ ಆಚೆ

ಹುಡುಗಿ ಉಪ್ಪಳದವಳು, ಹುಡುಗ ಉಳ್ಳಾಲದವನು, ಕೆಲಸ ಶಾರ್ಜಾದಲ್ಲಿ. ಇಂಥ ಸಂಬಂಧ ಇಲ್ಲಿ ಮಾಮೂಲು. ಕೇಸು ಹಾಕಲು ಅವಳು ಮಂಗಳೂರಿಗೆ ಓಡಬೇಕಾಗಿಲ್ಲ. ತಲಾಖ್ ಆಗಿ ತವರಿಗೆ ಬಂದು ವಾಸವಿದ್ದರೆ ಕಾಸರಗೋಡಿನಲ್ಲೇ ಅರ್ಜಿ ಹಾಕಬಹುದು, ಇಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ಗಂಡ ವಿದೇಶದಲ್ಲಿದ್ದರೆ ನೋಟಿಸ್ ತಲುಪಿಸಲು ಸಮಯ ಹಿಡಿಯುತ್ತದೆ, ಆದರೆ ಊರಿನಲ್ಲಿರುವ ಅವನ ಜಾಗ, ಕಟ್ಟಡ, ಬ್ಯಾಂಕ್ ಖಾತೆಯ ಮೇಲೆ ವಸೂಲಿ ಕೇಳಲು ದಾರಿ ಇದೆ. ತಿಂಗಳ ಜೀವನಾಂಶ ಬಾಕಿಯಾದರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು, ಅದು ದಾಟಿದರೆ ಆ ಬಾಕಿಗೆ ವಾರಂಟ್ ಸಿಗುವುದಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ ಹೆಂಗಸರಿಗೆ ಮಲಯಾಳದ ಕಾಗದಪತ್ರ ಓದಲು ಕಷ್ಟ. ಪೊಲೀಸ್ ಸ್ಟೇಷನ್ನಿರಲಿ, ಕಮಿಟಿಯಿರಲಿ, ವಕೀಲರ ಆಫೀಸಿರಲಿ, ಓದಲು ಬಾರದ ಭಾಷೆಯ ಕಾಗದಕ್ಕೆ ಯಾರಾದರೂ ಪೂರ್ತಿ ಓದಿ ಅರ್ಥ ಹೇಳುವವರೆಗೆ ಸಹಿ ಹಾಕಬಾರದು.

ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್‌ನಂತೆ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು ಇವು:

– ಮಹಲ್ಲ್‌ನ ನಿಕಾಹ್ ರಿಜಿಸ್ಟರಿನ ನಕಲು, ಮದುವೆ ನೋಂದಣಿ ಪತ್ರ
– ತಲಾಖ್‌ನ ನೋಟಿಸ್, ಪತ್ರ ಅಥವಾ ಮೆಸೇಜ್
– ಚಿನ್ನದ ಬಿಲ್ಲು, ಮದುವೆಯ ಫೋಟೋ, ವೀಡಿಯೋ
– ಗಂಡ ಹಣ ಕಳಿಸಿದ ಬ್ಯಾಂಕ್ ದಾಖಲೆ, ವೀಸಾ ಅಥವಾ ಕೆಲಸದ ಪತ್ರದ ನಕಲು, ಜಾಗದ ಸರ್ವೆ ನಂಬರು
– ಒಂದು ವರ್ಷದ ಮನೆಖರ್ಚು, ಆಸ್ಪತ್ರೆ, ಶಾಲೆಯ ರಶೀದಿ

ಮಕ್ಕಳ ಖರ್ಚು ತಾಯಿಯ ಪಾಲಿನಲ್ಲಿ ಸೇರಿಸುವಂಥದ್ದಲ್ಲ. ಸಣ್ಣ ಮಕ್ಕಳಿಗೆ ತಂದೆಯಿಂದ ಪ್ರತ್ಯೇಕ ಜೀವನಾಂಶದ ಹಕ್ಕು ಇದೆ ಎಂದು 1997ರ ನೂರ್ ಸಬಾ ಖಾತೂನ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಸಹಿಯ ಮೊದಲು

ಸ್ಟ್ಯಾಂಪ್ ಪೇಪರಿನ ವಿಷಯಕ್ಕೆ ಬಂದರೆ, ತಲಾಖ್ ಆದ ಮೇಲೆ ಹೆಂಗಸು ಸ್ವಇಚ್ಛೆಯಿಂದ ಜೀವನಾಂಶದ ಹಕ್ಕು ಬಿಟ್ಟುಕೊಟ್ಟಿದ್ದರೆ ಕೋರ್ಟಿನ ಆದೇಶವನ್ನೂ ರದ್ದು ಮಾಡಿಸಲು ಕಾಯಿದೆಯಲ್ಲಿ ಅವಕಾಶ ಇದೆ. ಒತ್ತಡದಲ್ಲಿ, ಅರ್ಥ ಗೊತ್ತಿಲ್ಲದೆ ಹಾಕಿದ ಸಹಿಯನ್ನು ಪ್ರಶ್ನಿಸಬಹುದು, ಆದರೆ ಅದಕ್ಕೆ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಇದ್ದತ್‌ನ ಹಣ ಪಡೆಯುವಾಗ 'ಇದ್ದತ್‌ನ ಖರ್ಚಿಗೆ ಇಷ್ಟು ಸಂದಾಯವಾಗಿದೆ' ಅಂತ ಮಾತ್ರ ಬರೆಸಿ ಸಹಿ ಹಾಕಿದರೆ ಸಾಕು.

ಕೋರ್ಟಿಗೆ ಹೋಗದೆ ಮುಗಿಸುವುದೇ ಒಳ್ಳೆಯದು ಅನ್ನುವ ಹಿರಿಯರ ಮಾತಿನಲ್ಲಿ ತಪ್ಪಿಲ್ಲ. ಅದಕ್ಕೆ ಕಮಿಟಿಯ ಮುಂದೆ ಬರುವ ಲೆಕ್ಕ ಪೂರ್ತಿಯಾಗಿರಬೇಕು. ಮಹರ್, ಚಿನ್ನ, ಇದ್ದತ್‌ನ ಜೊತೆಗೆ ನಾಲ್ಕನೆಯದಾಗಿ ಮತಾಅ್ ಅಥವಾ ಮುಂದಿನ ಬದುಕಿನ ಏರ್ಪಾಡು ಎಂಬ ಸಾಲೂ ಕಾಗದದಲ್ಲಿ ಇರಲಿ. ಗಂಡನ ಆದಾಯ, ಮದುವೆಯಾಗಿ ಎಷ್ಟು ವರ್ಷ, ಅವಳ ವಯಸ್ಸು, ಅವಳ ತಿಂಗಳ ಖರ್ಚು ನೋಡಿ ಮೊತ್ತ ತೀರ್ಮಾನವಾಗಲಿ. ಹಣ ಇಲ್ಲದವನು ಕಂತಿನಲ್ಲಿ ಕೊಡಲಿ, ಜಾಗ ಇರುವವನು ಅವಳ ಹೆಸರಿಗೆ ಒಂದಿಷ್ಟು ಬರೆಯಲಿ. ಸಹಿಗೆ ಮೊದಲು ಓದಿ ನೋಡಲು, ವಕೀಲರಲ್ಲಿ ಕೇಳಲು ಅವಳಿಗೆ ಒಂದು ವಾರವಾದರೂ ಸಿಗಲಿ.

ಈಗ ಮದುವೆಯಾಗುತ್ತಿರುವ ಯುವಕ ಯುವತಿಯರಿಗೆ ಇದರಲ್ಲಿ ಬೇರೆ ಕೆಲಸ ಇದೆ. ಜಂಟಿ ಖಾತೆ ತೆರೆಯುವುದು, ಕಟ್ಟುವ ಮನೆಯ ಆಧಾರಪತ್ರದಲ್ಲಿ ಇಬ್ಬರ ಹೆಸರೂ ಬರೆಸುವುದು, ಮಹರ್‌ನ ಚಿನ್ನ ಅವಳ ಲಾಕರಿನಲ್ಲೇ ಇರಿಸುವುದು. ಇದ್ಯಾವುದಕ್ಕೂ ತಲಾಖ್‌ನ ಭಯ ಬೇಕಾಗಿಲ್ಲ. ಗಂಡ ಅಕಾಲದಲ್ಲಿ ತೀರಿಕೊಂಡರೂ ಹೆಂಡತಿ ಮಕ್ಕಳಿಗೆ ಮೊದಲು ಆಸರೆಗೆ ಬರುವುದು ಇದೇ ಕಾಗದಗಳು. ಇಪ್ಪತ್ತೈದು ವರ್ಷ ಮನೆ ನಡೆಸಿದ ಉಮ್ಮನಿಗೆ ಸ್ವಂತ ಹೆಸರಲ್ಲಿ ಏನಿದೆ ಅಂತ ಪ್ರತಿ ಮನೆಯ ಮಕ್ಕಳೂ ಒಮ್ಮೆ ಕೇಳಿ ನೋಡಲಿ.